ದತ್ತಾಂಶ ಭಂಡಾರದೊಡನೆ ಸಂಭಾಷಣೆ

ಹಿಂದಿನ ಕಾಲದ ಬ್ಯಾಂಕೊಂದನ್ನು ಊಹಿಸಿಕೊಳ್ಳಿರಿ. ಗ್ರಾಹಕನೊಬ್ಬನು ಬಂದು ತನ್ನ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ಕೇಳುತ್ತಾನೆ. ಗುಮಾಸ್ತನು ಎದ್ದು, ಕಪಾಟಿನಿಂದ ದಪ್ಪನೆಯ ಲೆಡ್ಜರನ್ನು ಇಳಿಸಿ, ಪುಟಗಳನ್ನು ತಿರುವಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಶಿಲ್ಕನ್ನು ಓದಿ ಹೇಳುತ್ತಾನೆ. ಇಂದು ಅದೇ ಪ್ರಶ್ನೆಗೆ ಉತ್ತರವು ಕ್ಷಣಮಾತ್ರದಲ್ಲಿ ಗಣಕಯಂತ್ರದ ಪರದೆಯ ಮೇಲೆ ಮೂಡುತ್ತದೆ. ಲೆಡ್ಜರಿನ ಸ್ಥಾನಕ್ಕೆ ದತ್ತಾಂಶ ಭಂಡಾರವು ಬಂದಿದೆ. ಗುಮಾಸ್ತನ ಕೆಲಸವನ್ನು ಕ್ರಮವಿಧಿಯು, ಎಂದರೆ ಪ್ರೋಗ್ರಾಮು, ಮಾಡುತ್ತದೆ. ಆದರೆ ಭಂಡಾರವೇ ಬೇರೆ, ಕ್ರಮವಿಧಿಯೇ ಬೇರೆ. ಇವೆರಡೂ ಪರಸ್ಪರ ಮಾತನಾಡುವುದು ಹೇಗೆ? ಆ ಮಾತಿನಲ್ಲಿ ತಪ್ಪಾದರೆ ನಷ್ಟ ಯಾರಿಗೆ? ಇದನ್ನು ಈಗ ತಿಳಿದುಕೊಳ್ಳೋಣ.

ಮೊದಮೊದಲು ಈ ಸಂಭಾಷಣೆಯು ಬಹಳ ತೊಡಕಿನದಾಗಿತ್ತು. ೧೯೬೦ರ ದಶಕದಲ್ಲಿ ಮಾನವನನ್ನು ಚಂದ್ರನ ಮೇಲೆ ಇಳಿಸುವ ಅಪೋಲೋ ಯೋಜನೆಯ ಅಸಂಖ್ಯಾತ ಬಿಡಿಭಾಗಗಳ ಲೆಕ್ಕವಿಡಲು ಅಮೆರಿಕದ ಐಬಿಎಂ ಸಂಸ್ಥೆಯು ಇತರರೊಡನೆ ಸೇರಿ ಒಂದು ಭಂಡಾರ ವ್ಯವಸ್ಥೆಯನ್ನು ರೂಪಿಸಿತು. ಅದರಲ್ಲಿ ದತ್ತಾಂಶಗಳು ಮರದ ಕೊಂಬೆಗಳಂತೆ ಕವಲೊಡೆದಿರುತ್ತಿದ್ದವು. ಬೇಕಾದ ಎಲೆಯನ್ನು ಮುಟ್ಟಲು ಕಾಂಡದಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ ಹೋಗುವ ದಾರಿಯನ್ನು ಕ್ರಮವಿಧಿಯನ್ನು ಬರೆಯುವವನೇ ಹೇಳಬೇಕಾಗಿತ್ತು. ಭಂಡಾರದ ಜೋಡಣೆ ಬದಲಾದರೆ ಅದನ್ನು ಅವಲಂಬಿಸಿದ ಕ್ರಮವಿಧಿಗಳನ್ನೂ ತಿದ್ದಬೇಕಾಗುತ್ತಿತ್ತು.

ಈ ಕಷ್ಟಕ್ಕೆ ಪರಿಹಾರವನ್ನು ಕಂಡವರು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಜನಿಸಿದ ಇವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿದ್ದ ಐಬಿಎಂ ಸಂಶೋಧನಾಲಯದಲ್ಲಿ ಕೆಲಸಮಾಡುತ್ತಿದ್ದರು. ದತ್ತಾಂಶಗಳನ್ನೆಲ್ಲ ಸರಳವಾದ ಕೋಷ್ಟಕಗಳ ರೂಪದಲ್ಲಿ ಇಡಬಹುದೆಂದು ೧೯೭೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಪ್ರತಿಪಾದಿಸಿದರು. ನಿಮ್ಮ ತರಗತಿಯ ಹಾಜರಿ ಪುಸ್ತಕವನ್ನೇ ನೋಡಿರಿ. ಒಬ್ಬ ವಿದ್ಯಾರ್ಥಿಗೆ ಒಂದು ಅಡ್ಡಸಾಲು, ಒಂದು ವಿವರಕ್ಕೆ ಒಂದು ಕಂಬಸಾಲು. ಇಂತಹ ಕೋಷ್ಟಕಗಳಿಂದ ಏನು ಬೇಕೆಂಬುದನ್ನು ಮಾತ್ರ ಕೇಳಿದರೆ ಸಾಕು, ಅದನ್ನು ಹುಡುಕುವ ದಾರಿಯನ್ನು ಭಂಡಾರವೇ ಆರಿಸಿಕೊಳ್ಳಬೇಕು ಎಂಬುದು ಕಾಡ್ ಅವರ ವಿಚಾರದ ತಿರುಳು. ಇದಕ್ಕಾಗಿ ೧೯೮೧ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯು ಲಭಿಸಿತು.

ಕೇಳುವುದಕ್ಕೆ ಒಂದು ಭಾಷೆ ಬೇಕಷ್ಟೆ. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬ ಇಬ್ಬರು ತರುಣರು ೧೯೭೪ರಲ್ಲಿ 'ಸೀಕ್ವೆಲ್' ಎಂಬ ಪ್ರಶ್ನಭಾಷೆಯನ್ನು ಪ್ರಕಟಿಸಿದರು. ಆ ಹೆಸರು ಮತ್ತೊಂದು ಸಂಸ್ಥೆಯ ವ್ಯಾಪಾರಮುದ್ರೆಯಾಗಿದ್ದ ಕಾರಣ ಮುಂದೆ ಅದು 'ಎಸ್‌ಕ್ಯೂಎಲ್' ಆಯಿತು. ದುರದೃಷ್ಟವಶಾತ್ ಬಾಯ್ಸ್ ಅವರು ಅದೇ ವರ್ಷ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ತಾವು ರೂಪಿಸಿದ ಭಾಷೆಯು ಜಗತ್ತನ್ನೆಲ್ಲ ವ್ಯಾಪಿಸಿದುದನ್ನು ಅವರು ಕಾಣಲಿಲ್ಲ.

ಪ್ರಶ್ನಭಾಷೆಯು ಕೇಳಲು ಸಮರ್ಥವಾದರೂ ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಗ್ರಾಹಕನು ಒತ್ತಿದ ಸಂಖ್ಯೆಯನ್ನು ಓದುವುದು, ಪಾಸ್‌ಬುಕ್ಕನ್ನು ಅಚ್ಚುಹಾಕುವುದು, ತಪ್ಪಾದಾಗ ಎಚ್ಚರಿಕೆ ನೀಡುವುದು ಮೊದಲಾದವು ಕೋಬಾಲ್, ಸಿ ಮುಂತಾದ ಸಾಮಾನ್ಯ ಕ್ರಮವಿಧಿ ಭಾಷೆಗಳ ಕೆಲಸ. ಒಂದಕ್ಕೆ ಭಂಡಾರದ ಪರಿಚಯವಿದೆ, ಇನ್ನೊಂದಕ್ಕೆ ಲೋಕವ್ಯವಹಾರದ ಪರಿಚಯವಿದೆ. ಆದುದರಿಂದ ಒಂದನ್ನು ಇನ್ನೊಂದರ ಒಡಲಲ್ಲಿ ಇರಿಸುವ ಉಪಾಯವನ್ನು ವಿಜ್ಞಾನಿಗಳು ಹೂಡಿದರು. ಸ್ಯಾನ್ ಹೋಸೆಯಲ್ಲಿ ೧೯೭೦ರ ದಶಕದಲ್ಲಿ ನಡೆದ 'ಸಿಸ್ಟಮ್ ಆರ್' ಎಂಬ ಪ್ರಯೋಗದಲ್ಲಿ ಕೋಬಾಲ್ ಮತ್ತು ಪಿಎಲ್‌-ಒನ್ ಭಾಷೆಗಳ ಕ್ರಮವಿಧಿಗಳೊಳಗೆ ಪ್ರಶ್ನವಾಕ್ಯಗಳನ್ನು ಹುದುಗಿಸಲಾಯಿತು. ಮನೆಗೆ ಬಂದ ನೆಂಟನಂತೆ ಪ್ರಶ್ನವಾಕ್ಯವು ಇಲ್ಲಿ ಅತಿಥಿ. ಅದಕ್ಕೆ ಎಡೆಕೊಟ್ಟ ಭಾಷೆಯು ಆತಿಥೇಯ ಭಾಷೆ.

ಅತಿಥಿಯನ್ನು ಗುರುತಿಸಲು ಒಂದು ಚಿಹ್ನೆ ಬೇಕು. ಹುದುಗಿಸಿದ ಪ್ರತಿಯೊಂದು ವಾಕ್ಯವೂ 'ಎಕ್ಸೆಕ್ ಎಸ್‌ಕ್ಯೂಎಲ್' ಎಂಬ ಪದಗಳಿಂದ ಆರಂಭವಾಗುತ್ತದೆ. ಮೇಲಿನ ಗ್ರಾಹಕನ ಪ್ರಶ್ನೆಯನ್ನು ಹೀಗೆ ಬರೆಯಬಹುದು:

ಎಕ್ಸೆಕ್ ಎಸ್‌ಕ್ಯೂಎಲ್
ಸೆಲೆಕ್ಟ್ ಶಿಲ್ಕು ಇಂಟು :ಉತ್ತರ
ಫ್ರಮ್ ಖಾತೆಗಳು
ವೇರ್ ಖಾತೆಸಂಖ್ಯೆ = :ಕೇಳಿದಸಂಖ್ಯೆ;

ಎಂದರೆ, 'ಖಾತೆಗಳು ಎಂಬ ಕೋಷ್ಟಕದಲ್ಲಿ, ಕೇಳಿದ ಸಂಖ್ಯೆಯುಳ್ಳ ಸಾಲಿನಿಂದ ಶಿಲ್ಕನ್ನು ಆರಿಸಿ ಉತ್ತರ ಎಂಬ ಪಾತ್ರೆಯಲ್ಲಿ ಹಾಕು' ಎಂದರ್ಥ. ಎರಡು ಪದಗಳ ಹಿಂದಿರುವ ಎರಡು ಚುಕ್ಕೆಗಳನ್ನು ಗಮನಿಸಿರಿ. ಆ ಚಿಹ್ನೆಯುಳ್ಳ ಹೆಸರು ಕೋಷ್ಟಕಕ್ಕೆ ಸೇರಿದುದಲ್ಲ. ಅದು ಆತಿಥೇಯ ಭಾಷೆಯ ಚರಾಕ್ಷರ. ಒಂದು ಭಾಷೆಯಿಂದ ಇನ್ನೊಂದಕ್ಕೆ ಮೌಲ್ಯಗಳು ಸಾಗುವ ಕಿಂಡಿ ಅದೇ.

ಇಂತಹ ಮಿಶ್ರ ಬರಹವು ಮೊದಲು ಪೂರ್ವಸಂಸ್ಕಾರಕ ಎಂಬ ಕ್ರಮವಿಧಿಯ ಕೈಸೇರುತ್ತದೆ. ಅದು ಚಿಹ್ನೆಯುಳ್ಳ ವಾಕ್ಯಗಳನ್ನು ಹೆಕ್ಕಿ ತೆಗೆದು, ಅವುಗಳ ಜಾಗದಲ್ಲಿ ಭಂಡಾರವನ್ನು ಕರೆಯುವ ಆದೇಶಗಳನ್ನು ಆತಿಥೇಯ ಭಾಷೆಯಲ್ಲಿಯೇ ಬರೆದಿಡುತ್ತದೆ. ಅನಂತರ ಎಂದಿನ ಅನುವಾದಕವು ಎಲ್ಲವನ್ನೂ ಯಂತ್ರಭಾಷೆಗೆ ತರುತ್ತದೆ. ಸಿಸ್ಟಮ್ ಆರ್‌ನಲ್ಲಿ ದತ್ತಾಂಶವನ್ನು ಹುಡುಕುವ ದಾರಿಯನ್ನೂ ಈ ಹಂತದಲ್ಲಿಯೇ ಒಮ್ಮೆ ನಿಶ್ಚಯಿಸಿ ಇಟ್ಟುಕೊಳ್ಳುತ್ತಿದ್ದರು. ಆದಕಾರಣ ಕ್ರಮವಿಧಿಯು ಸಾವಿರ ಸಲ ನಡೆದರೂ ಸಾವಿರ ಸಲ ಯೋಚಿಸಬೇಕಾಗಿರಲಿಲ್ಲ. ಆ ದಾರಿಯು ಮುಚ್ಚಿಹೋದರೆ ವ್ಯವಸ್ಥೆಯೇ ಹೊಸದನ್ನು ಗೊತ್ತುಮಾಡುತ್ತಿತ್ತು. ಕ್ರಮವಿಧಿಯನ್ನು ತಿದ್ದುವ ಕಷ್ಟವು ತಪ್ಪಿತು.

ಇನ್ನೊಂದು ತೊಡಕು ಉಳಿದಿತ್ತು. ಪ್ರಶ್ನಭಾಷೆಯು ಸಾಲುಗಳ ಸಮೂಹವನ್ನೇ ಒಟ್ಟಾಗಿ ಕೊಡುತ್ತದೆ. ಕೋಬಾಲ್‌ನಂತಹ ಭಾಷೆಯಾದರೋ ಒಂದೊಂದೇ ದಾಖಲೆಯನ್ನು ಕೈಗೆತ್ತಿಕೊಳ್ಳುತ್ತದೆ. ಕೊಡ ತುಂಬ ನೀರಿದ್ದರೂ ಲೋಟದಿಂದಲೇ ಕುಡಿಯಬೇಕಲ್ಲವೇ? ಆ ಲೋಟದ ಕೆಲಸವನ್ನು 'ಕರ್ಸರ್' ಮಾಡುತ್ತದೆ. ಅದು ಲೆಡ್ಜರಿನ ಮೇಲೆ ಗುಮಾಸ್ತನು ಇಟ್ಟ ಬೆರಳಿನಂತೆ. ಮೊದಲು ಕರ್ಸರನ್ನು ಘೋಷಿಸಬೇಕು, ಬಳಿಕ ತೆರೆಯಬೇಕು, ಒಂದೊಂದೇ ಸಾಲನ್ನು ತರಿಸಿಕೊಳ್ಳಬೇಕು, ಮುಗಿದ ಮೇಲೆ ಮುಚ್ಚಬೇಕು. ಸಾಲುಗಳು ಮುಗಿದವೆಂದು ತಿಳಿಯುವುದು ಹೇಗೆ? ಪ್ರತಿ ವಾಕ್ಯವೂ ನಡೆದ ಮೇಲೆ ಭಂಡಾರವು 'ಎಸ್‌ಕ್ಯೂಎಲ್‌ಕೋಡ್' ಎಂಬ ಚರಾಕ್ಷರದಲ್ಲಿ ಒಂದು ಸಂಖ್ಯೆಯನ್ನು ಇಡುತ್ತದೆ. ೦ ಬಂದರೆ ಕೆಲಸವು ನೆರವೇರಿತು. ೧೦೦ ಬಂದರೆ ಅಂತಹ ಸಾಲು ಇಲ್ಲ, ಅಥವಾ ಇನ್ನು ಉಳಿದಿಲ್ಲ. ಋಣಸಂಖ್ಯೆ ಬಂದರೆ ದೋಷ ಸಂಭವಿಸಿದೆ.

ಈ ಪುಟ್ಟ ಸಂಖ್ಯೆಯನ್ನು ಅಲಕ್ಷಿಸಿದರೆ ಆಗುವ ಅನರ್ಥವನ್ನು ನೋಡಿರಿ. ರೈತನೊಬ್ಬನು ದೂರದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿರುವ ಮಗಳ ಖಾತೆಗೆ ೫೦೦ ರೂಪಾಯಿಗಳನ್ನು ಕಳುಹಿಸುತ್ತಾನೆಂದುಕೊಳ್ಳೋಣ. ಇದಕ್ಕೆ ಎರಡು ವಾಕ್ಯಗಳು ಬೇಕು. ಮೊದಲನೆಯದು ತಂದೆಯ ಖಾತೆಯಲ್ಲಿ ೫೦೦ನ್ನು ಕಳೆಯುತ್ತದೆ, ಎರಡನೆಯದು ಮಗಳ ಖಾತೆಗೆ ಕೂಡಿಸುತ್ತದೆ. ನಡುವೆ ವಿದ್ಯುತ್ತು ನಿಂತುಹೋದರೆ? ಅದಕ್ಕಾಗಿಯೇ ಭಂಡಾರವು ಎರಡನ್ನೂ ಒಂದೇ ವ್ಯವಹಾರವೆಂದು ಎಣಿಸುತ್ತದೆ. 'ಕಮಿಟ್' ಎಂಬ ಆದೇಶ ಬರುವವರೆಗೆ ಯಾವುದೂ ಶಾಶ್ವತವಲ್ಲ. ಅದು ಬಾರದೆ ಯಂತ್ರವು ನಿಂತರೆ, ಮತ್ತೆ ಆರಂಭವಾದಾಗ ಅರೆಬರೆಯಾದ ಕೆಲಸವನ್ನು ಭಂಡಾರವೇ ಅಳಿಸಿಹಾಕುತ್ತದೆ. ತಂದೆಯ ಹಣ ತಂದೆಯ ಖಾತೆಯಲ್ಲಿಯೇ ಉಳಿಯುತ್ತದೆ.

ಆದರೆ ಮಗಳ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿ, ಅಂತಹ ಖಾತೆಯೇ ಇಲ್ಲವಾದರೆ? ಭಂಡಾರವು ಅದನ್ನು ದೋಷವೆಂದು ಕೂಗಿ ಹೇಳುವುದಿಲ್ಲ. ಮೌನವಾಗಿ ೧೦೦ ಎಂದು ಬರೆದಿಡುತ್ತದೆ, ಅಷ್ಟೆ. ಕ್ರಮವಿಧಿಯನ್ನು ಬರೆದವನು ಆ ಸಂಖ್ಯೆಯನ್ನು ನೋಡದೆ 'ಕಮಿಟ್' ಎಂದುಬಿಟ್ಟರೆ ತಂದೆಯ ಹಣ ಹೋಯಿತು, ಮಗಳಿಗೆ ತಲುಪಲಿಲ್ಲ. ಅವನು ಸಂಖ್ಯೆಯನ್ನು ಪರೀಕ್ಷಿಸಿ, 'ರೋಲ್‌ಬ್ಯಾಕ್' ಎಂಬ ಆದೇಶದಿಂದ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದಿದ್ದರೆ ಯಾರಿಗೂ ನಷ್ಟವಿರುತ್ತಿರಲಿಲ್ಲ. ಯಂತ್ರವು ಕೊಟ್ಟ ರಕ್ಷಣೆಯೂ ಮನುಷ್ಯನ ಎಚ್ಚರವಿಲ್ಲದಿದ್ದರೆ ವ್ಯರ್ಥ.

ಎಚ್ಚರಕ್ಕೆ ಇನ್ನೊಂದು ಕಾರಣವೂ ಉಂಟು. ಕೆಲವರು ಬಳಕೆದಾರನು ಬರೆದ ಅಕ್ಷರಗಳನ್ನು ಹಾಗೆಯೇ ಜೋಡಿಸಿ ಪ್ರಶ್ನವಾಕ್ಯವನ್ನು ಕಟ್ಟುತ್ತಾರೆ. ವಂಚಕನು ಹೆಸರಿನ ಜಾಗದಲ್ಲಿ ಹೆಸರಿಗೆ ಬದಲಾಗಿ ಪ್ರಶ್ನೆಯ ತುಣುಕೊಂದನ್ನು ಬರೆದರೆ, ಭಂಡಾರವು ಅದನ್ನೂ ಆದೇಶವೆಂದೇ ತಿಳಿದು ಎಲ್ಲರ ಗುಟ್ಟನ್ನೂ ಬಿಟ್ಟುಕೊಡಬಹುದು. ಎರಡು ಚುಕ್ಕೆಗಳ ಚರಾಕ್ಷರದ ಮೂಲಕ ಬಂದುದಾದರೋ ಮುಚ್ಚಿದ ಲಕೋಟೆಯಲ್ಲಿ ಬಂದಂತೆ. ಅದರೊಳಗೆ ಏನೇ ಬರೆದಿರಲಿ, ಭಂಡಾರವು ಅದನ್ನು ಬರಿಯ ಮೌಲ್ಯವೆಂದು ಎಣಿಸುತ್ತದೆಯೇ ಹೊರತು ಆದೇಶವೆಂದು ಪಾಲಿಸುವುದಿಲ್ಲ.

ಎಸ್‌ಕ್ಯೂಎಲ್ ಭಾಷೆಯು ೧೯೮೬ರಲ್ಲಿ ಅಮೆರಿಕದ ಮಾನಕವಾಗಿಯೂ ೧೯೮೭ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿಯೂ ಅಂಗೀಕೃತವಾಯಿತು. ಮುಂದೆ ೧೯೯೦ರ ದಶಕದಲ್ಲಿ ಒಡಿಬಿಸಿ, ಜೆಡಿಬಿಸಿ ಎಂಬ ಬೇರೆ ಬಗೆಯ ಸೇತುವೆಗಳೂ ನಿರ್ಮಾಣವಾದವು. ಇಂದು ಹೊಸ ಕ್ರಮವಿಧಿಗಳನ್ನು ಬಹುಮಟ್ಟಿಗೆ ಅವುಗಳಂತಹ ಸೇತುವೆಗಳನ್ನು ಬಳಸಿಯೇ ಬರೆಯುತ್ತಾರೆ. ಆದರೂ ಹುದುಗಿಸಿದ ಪ್ರಶ್ನವಾಕ್ಯಗಳುಳ್ಳ ಹಳೆಯ ಕೋಬಾಲ್ ಕ್ರಮವಿಧಿಗಳು ದೊಡ್ಡ ಬ್ಯಾಂಕುಗಳಲ್ಲಿ ಇನ್ನೂ ದುಡಿಯುತ್ತಿವೆ. ಸೇತುವೆ ಯಾವುದಾದರೂ ನಿಯಮಗಳು ಅವೇ: ಏನು ಬೇಕೆಂಬುದನ್ನು ಸ್ಪಷ್ಟವಾಗಿ ಕೇಳಬೇಕು, ಬಂದ ಉತ್ತರವನ್ನು ಪರೀಕ್ಷಿಸಬೇಕು, ಕೆಲಸವು ಪೂರ್ಣವಾದ ಮೇಲೆಯೇ ಅದನ್ನು ಸ್ಥಿರಪಡಿಸಬೇಕು. ಕೋಷ್ಟಕದ ಒಂದೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನ ದುಡಿಮೆ ಇದೆಯೆಂಬುದನ್ನು ಕ್ರಮವಿಧಿಯನ್ನು ಬರೆಯುವವರು ಮರೆಯಬಾರದು.

ಪದಗಳ ಅರ್ಥ
ಶಿಲ್ಕು – ಖಾತೆಯಲ್ಲಿ ಉಳಿದಿರುವ ಹಣ. ಕೋಷ್ಟಕ – ಸಾಲು, ಕಂಬಸಾಲುಗಳುಳ್ಳ ಪಟ್ಟಿ. ಆತಿಥೇಯ – ಅತಿಥಿಯನ್ನು ಸತ್ಕರಿಸುವವನು. ಚರಾಕ್ಷರ – ಬದಲಾಗುವ ಮೌಲ್ಯವನ್ನು ಇಡುವ ಹೆಸರು. ಮಾನಕ – ಎಲ್ಲರೂ ಒಪ್ಪಿದ ಅಳತೆ.

ಅಭ್ಯಾಸ
೧. ಕಾಡ್ ಅವರ ವಿಚಾರದ ತಿರುಳೇನು?
೨. ಪ್ರಶ್ನಭಾಷೆಯನ್ನು ಬೇರೊಂದು ಭಾಷೆಯಲ್ಲಿ ಹುದುಗಿಸಬೇಕಾದುದು ಏಕೆ?
೩. ಕರ್ಸರನ್ನು ಗುಮಾಸ್ತನ ಬೆರಳಿಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿರಿ.
೪. ತಂದೆಯು ಕಳುಹಿಸಿದ ಹಣವು ಮಗಳಿಗೆ ತಲುಪದೆ ಹೋಗುವ ಸಂದರ್ಭ ಯಾವುದು? ಅದನ್ನು ತಡೆಯುವ ಬಗೆ ಹೇಗೆ?
೫. 'ಯಂತ್ರವು ಕೊಟ್ಟ ರಕ್ಷಣೆಯೂ ಮನುಷ್ಯನ ಎಚ್ಚರವಿಲ್ಲದಿದ್ದರೆ ವ್ಯರ್ಥ' – ಈ ಮಾತನ್ನು ಸಮರ್ಥಿಸಿರಿ.