ಉಪಕಾರಕ್ಕೂ ಒಂದು ಟೈಮ್‌ಟೇಬಲ್: ಎಂಟು ಸೂತ್ರಗಳು

ಕೆಲಸ ಸಿಗಲಿ, ಸಂಬಳ ಏರಲಿ, ಆಮೇಲೆ ನಾಲ್ಕು ಜನಕ್ಕೆ ನೆರವಾಗೋಣ ಎಂದುಕೊಂಡಿದ್ದೀರಾ? ಆ 'ಆಮೇಲೆ' ತಾನಾಗಿ ಬರುವುದಿಲ್ಲ. ಓದಿಗೆ, ಜಿಮ್‌ಗೆ, ಇಂಟರ್‌ವ್ಯೂ ತಯಾರಿಗೆ ಸಮಯ ಎತ್ತಿಡುತ್ತೀರಿ. ಉಪಕಾರಕ್ಕೂ ಎತ್ತಿಡಿ. ಅದೂ ರೂಢಿಯಿಂದಲೇ ಬರುವ ವಿದ್ಯೆ.

1. ಹೆಸರು ಹಿಡಿದು ಮಾತಾಡಿಸಿ.
ಗೇಟಿನ ಸೆಕ್ಯೂರಿಟಿ, ಹಾಸ್ಟೆಲ್ಲಿನ ಅಡುಗೆಯವರು, ಹೌಸ್‌ಕೀಪಿಂಗ್ ಸಿಬ್ಬಂದಿ: ಇವರ ಹೆಸರು ಕೇಳಿ, ನೆನಪಿಡಿ. ಹಿರಿಯರಾದರೆ ಜೊತೆಗೊಂದು 'ಅಣ್ಣಾ', 'ಅಮ್ಮಾ' ಇರಲಿ. 'ತಿಂಡಿ ಆಯ್ತಾ?' ಎಂದು ಕೇಳಿದರೆ ಉತ್ತರ ಬರುವವರೆಗೆ ನಿಲ್ಲಿ. ದಿನವಿಡೀ ನೂರಾರು ಜನ ಅವರ ಮುಂದೆ ಹಾದುಹೋಗುತ್ತಾರೆ, ನಿಂತು ಮಾತಾಡುವವರು ಕಡಿಮೆ.

2. 'ಏನಾದ್ರೂ ಬೇಕಿದ್ರೆ ಹೇಳಿ' ಎನ್ನುವುದನ್ನು ಬಿಡಿ.
ಏನು ಮಾಡುತ್ತೀರಿ ಎಂದು ನೀವೇ ಹೇಳಿ. 'ನಾಳೆ ಮಧ್ಯಾಹ್ನ ಆಸ್ಪತ್ರೆಗೆ ಊಟ ತರ್ತೀನಿ, ಎಷ್ಟು ಜನ ಇದ್ದೀರಿ?' 'ಸಂಜೆ ಮಗೂನ ಟ್ಯೂಷನ್ನಿಂದ ನಾನೇ ಕರ್ಕೊಂಡು ಬರ್ತೀನಿ.' ಕಷ್ಟದಲ್ಲಿರುವವರಿಗೆ ಬಾಯಿಬಿಟ್ಟು ಕೇಳುವುದೇ ಇನ್ನೊಂದು ಕಷ್ಟ. ಆ ಭಾರವನ್ನು ಮೊದಲು ಇಳಿಸಿ.

3. ಗೊತ್ತಿರುವ ಕೆಲಸವನ್ನು ಕಲಿಸಿಕೊಡಿ.
ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ, ಸರ್ಕಾರಿ ಸೇವೆಗಳ ಸೇವಾ ಸಿಂಧು ಪೋರ್ಟಲ್, ಯುಪಿಐ ಪಾವತಿ ನಿಮಗೆ ಹತ್ತು ನಿಮಿಷದ ಕೆಲಸ. ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮನೆಗೆ ಅದೇ ದೊಡ್ಡ ಗೋಡೆ. ಜೂನಿಯರ್ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ನೋಡಿ, ಇಲ್ಲದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ. ಮೌಸ್ ಮಾತ್ರ ಅವರ ಕೈಯಲ್ಲೇ ಇರಲಿ. ಮುಂದಿನ ವರ್ಷ ಅವರೇ ಇನ್ನೊಬ್ಬರಿಗೆ ಕಲಿಸುತ್ತಾರೆ.

4. ಒಬ್ಬರ ಪರೀಕ್ಷೆಗೆ ಕೈಯಾಗಿ.
ದೃಷ್ಟಿ ಇಲ್ಲದ ಅಭ್ಯರ್ಥಿ ಹೇಳುವ ಉತ್ತರವನ್ನು ಬರೆದುಕೊಡುವವರೇ ಸ್ಕ್ರೈಬ್. ಸ್ಕ್ರೈಬ್‌ನ ಓದು ಹಲವು ಪರೀಕ್ಷೆಗಳಲ್ಲಿ ಅಭ್ಯರ್ಥಿಯದಕ್ಕಿಂತ ಕಡಿಮೆಯಿರಬೇಕು. ಅಂದರೆ ಇಲ್ಲಿ ಬೇಕಾದವರು ವಿದ್ಯಾರ್ಥಿಗಳೇ. ಹೇಳಿದ್ದನ್ನಷ್ಟೇ ಬರೆಯಿರಿ. ಒಪ್ಪಿಕೊಂಡ ಮೇಲೆ ಕೈಕೊಡಬೇಡಿ: ನೀವು ತಪ್ಪಿಸಿಕೊಂಡರೆ ಅವರ ವರ್ಷವೇ ಹೋಗಬಹುದು.

5. ರಕ್ತದಾನವನ್ನು ಕ್ಯಾಲೆಂಡರಿಗೆ ಹಾಕಿ.
18 ತುಂಬಿದೆಯೇ? ತೂಕ 45 ಕೆ.ಜಿ. ದಾಟಿದೆಯೇ? ಆರೋಗ್ಯ ಸರಿಯಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ದಾನದ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರ ಸಾಲದು. ಬೇಸಿಗೆ ರಜೆಯಲ್ಲಿ ಕಾಲೇಜು ಶಿಬಿರಗಳು ನಿಲ್ಲುತ್ತವೆ. ನಿಮ್ಮ ಸರದಿಯನ್ನು ಏಪ್ರಿಲ್-ಮೇಗೆ ಇಟ್ಟುಕೊಳ್ಳಿ.

6. ಅಪಘಾತ ಕಂಡರೆ ಗಾಡಿ ನಿಲ್ಲಿಸಿ.
ಮೊದಲು 108ಕ್ಕೆ ಕರೆ ಮಾಡಿ. ಜಾಗ ಎಲ್ಲಿ, ಗಾಯಾಳುಗಳು ಎಷ್ಟು ಎಂದು ಸ್ಪಷ್ಟವಾಗಿ ಹೇಳಿ. ಸುತ್ತ ನಿಂತವರನ್ನು ಸರಿಸಿ, ಗಾಳಿಗೆ ಜಾಗ ಮಾಡಿ. 'ಪೊಲೀಸು, ಕೋರ್ಟು ಅಂತ ಅಲೆಯಬೇಕಾದೀತು' ಎಂಬ ಹೆದರಿಕೆ ಹಳೆಯದು, ಅದನ್ನು ಬಿಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕು ಎಂದು ಯಾರೂ ಬಲವಂತ ಮಾಡುವಂತಿಲ್ಲ. ಮೊದಲ ಒಂದು ಗಂಟೆಯೇ ಜೀವ ಉಳಿಸುವ ಗಂಟೆ.

7. ಕ್ರೆಡಿಟ್ ಕೊಡುವುದರಲ್ಲಿ ಜಿಪುಣತನ ಬೇಡ.
ಪ್ರಾಜೆಕ್ಟ್ ಗೆದ್ದಾಗ ಯಾರು ಏನು ಮಾಡಿದರೆಂದು ಮೇಲ್‌ನಲ್ಲಿ ಬರೆಯಿರಿ. ಮ್ಯಾನೇಜರ್‌ಗೂ ಕಾಪಿ ಹಾಕಿ. ಹೊಗಳಿಕೆ ಎಲ್ಲರ ಮುಂದಿರಲಿ, ತಿದ್ದುವುದು ಒಬ್ಬರೇ ಇದ್ದಾಗ ನಡೆಯಲಿ. ನಿಮ್ಮ ಎರಡು ಸಾಲು ಒಬ್ಬರ ಅಪ್ರೈಸಲ್‌ನಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ಪಾಲೇನೂ ಕಡಿಮೆಯಾಗುವುದಿಲ್ಲ.

8. ಚಿಕ್ಕದಾಗಿ ಶುರು ಮಾಡಿ, ಬಿಡದೆ ನಡೆಸಿ.
'ನನ್ನೊಬ್ಬನಿಂದ ಏನಾಗುತ್ತೆ?' ಇದು ಬಾಯಿಗೆ ಅಂಟಿದ ಚಟ, ಇಂದೇ ಬಿಡಿಸಿಕೊಳ್ಳಿ. ಹರೇಕಳ ಹಾಜಬ್ಬ ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಹಾಜಬ್ಬರಿಗೆ ಉತ್ತರ ಕೊಡಲಾಗಲಿಲ್ಲ. ಶಾಲೆಯ ಮುಖ ನೋಡಿರದ ಅವರು, ಊರ ಮಕ್ಕಳಿಗೆ ಈ ಗತಿ ಬೇಡ ಎಂದು ದುಡಿಮೆಯಲ್ಲೇ ಉಳಿಸಿ, ಕಚೇರಿಯಿಂದ ಕಚೇರಿಗೆ ಓಡಾಡಿ, ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ದಿನದ ಸಂಪಾದನೆಯಲ್ಲೇ ಬದುಕುವವರಿಗೆ ಇಷ್ಟು ಸಾಧ್ಯವಾದರೆ, ನಿಮ್ಮ ವಾರದ ಒಂದು ಗಂಟೆಗೆ ನೆಪ ಹೇಳಬೇಡಿ.

ಎಂಟನ್ನೂ ಒಟ್ಟಿಗೆ ಹೊರಲು ಹೋಗಬೇಡಿ, ಸುಸ್ತಾಗಿ ಕೈಬಿಡುತ್ತೀರಿ. ಇವತ್ತು ಒಂದನ್ನು ಆರಿಸಿ. ದಿನ, ಸಮಯ ಗೊತ್ತುಮಾಡಿ ಮೊಬೈಲಿನಲ್ಲಿ ರಿಮೈಂಡರ್ ಇಡಿ. ಅದು ಒಂದು ತಿಂಗಳು ತಪ್ಪದೆ ನಡೆದರೆ ಎರಡನೆಯದನ್ನು ಸೇರಿಸಿ.