ಕೂದಲು ಕಸಿಯ ನಂತರದ ಆರೈಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಯುವಕರು ದೊಡ್ಡ ಊರುಗಳಿಗೆ ಹೋಗಿ ಕೂದಲು ಕಸಿ ಮಾಡಿಸಿಕೊಂಡು ಬರುವುದು ಈಗ ಅಪರೂಪವಲ್ಲ. ಶಸ್ತ್ರಕರ್ಮವು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಈ ಅವಧಿಯಲ್ಲಿ ಯಾವುದು ಸಹಜ, ಯಾವುದು ಅಪಾಯ ಎಂಬುದನ್ನರಿಯದೆ ಅನೇಕರು ಕಳವಳಗೊಳ್ಳುತ್ತಾರೆ. ಆದಕಾರಣ ಭಕ್ತರ ತಿಳಿವಳಿಕೆಗಾಗಿ ಕೆಲವು ವಿಷಯಗಳನ್ನು ಇಲ್ಲಿ ನಿರೂಪಿಸುತ್ತೇವೆ.

ಬೋಳುತಲೆಯನ್ನು ಆಯುರ್ವೇದವು ಖಾಲಿತ್ಯವೆನ್ನುತ್ತದೆ. ವಾತದೊಡಗೂಡಿದ ಪಿತ್ತವು ಕೂದಲನ್ನು ಉದುರಿಸುತ್ತದೆ, ಬಳಿಕ ರಕ್ತದೊಡಗೂಡಿದ ಕಫವು ರೋಮಕೂಪವನ್ನು ಮುಚ್ಚುತ್ತದೆ ಎಂಬುದು ಸುಶ್ರುತಸಂಹಿತೆಯ ವಿವರಣೆ. ಕಸಿಯಲ್ಲಿ ತಲೆಯ ಹಿಂಭಾಗದ ಕೂದಲನ್ನು ಬೇರುಸಹಿತ ತೆಗೆದು ಬರಿದಾದ ಸ್ಥಳದಲ್ಲಿ ನೆಡುತ್ತಾರೆ.

ಮೊದಲ ಹತ್ತು ದಿನಗಳು ಅತಿ ಮುಖ್ಯ. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಹಣೆಯಲ್ಲಿಯೂ ಕಣ್ಣಿನ ಸುತ್ತಲೂ ಬಾವು ಬರಬಹುದು. ಅದು ತಾನಾಗಿ ಇಳಿಯುತ್ತದೆ. ತಲೆಯನ್ನು ಎತ್ತರಿಸಿ ಮಲಗಬೇಕು. ನೆಟ್ಟಲ್ಲಿ ಮೂಡುವ ಹಕ್ಕಳೆಗಳನ್ನು ಕೀಳಬಾರದು, ಕೆರೆಯಬಾರದು. ವೈದ್ಯರು ಹೇಳಿದಂತೆ ತೊಳೆಯುತ್ತಿದ್ದರೆ ಅವು ಏಳರಿಂದ ಹದಿನಾಲ್ಕು ದಿನಗಳಲ್ಲಿ ಉದುರುತ್ತವೆ. ನೆತ್ತಿಯಲ್ಲಿ ಸ್ಪರ್ಶಜ್ಞಾನವು ಕೆಲವು ವಾರ ಮಂದವಾಗಿರುವುದರಿಂದ ಬಿಸಿನೀರು ಸುಟ್ಟರೂ ತಿಳಿಯದು. ಉಗುರುಬೆಚ್ಚನೆಯ ನೀರೇ ಸಾಕು.

ಪೂಜಾನಿಷ್ಠರು ಈ ದಿನಗಳಲ್ಲಿ ವಿಭೂತಿಯನ್ನು ಹಣೆಯ ಕೆಳಭಾಗದಲ್ಲಿ ಹಗುರವಾಗಿ ಧರಿಸಲಿ, ಕಸಿಯ ಅಂಚಿಗೆ ತಾಗಿಸದಿರಲಿ. ತಲೆಬಾಗಿ ನಮಸ್ಕರಿಸುವ ಬದಲು ಕೈಮುಗಿದರೆ ಸಾಕು. ಹೆಲ್ಮೆಟ್ ಕಸಿಯನ್ನು ಉಜ್ಜುತ್ತದೆ, ಹೆಲ್ಮೆಟ್ಟಿಲ್ಲದ ಸವಾರಿಯೂ ಸಲ್ಲದು. ವೈದ್ಯರು ಅನುಮತಿಸುವ ತನಕ ಬಸ್ಸೇ ಲೇಸು. ಮಳೆಗಾಲದಲ್ಲಿ ಕೊಡೆಯಿಲ್ಲದೆ ಹೊರಡಬಾರದು. ಗದ್ದೆಯ ಕೆಸರು, ನೇತ್ರಾವತಿಯ ಸ್ನಾನ, ಕೆರೆಯ ಈಜು ಇವುಗಳನ್ನು ಒಂದು ತಿಂಗಳಾದರೂ ಬಿಡಬೇಕು. ಬೀಡಿ, ಸಿಗರೇಟುಗಳು ರಕ್ತಸಂಚಾರವನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತವೆ.

ಎರಡನೆಯ ವಾರದಿಂದ ಎರಡನೆಯ ತಿಂಗಳೊಳಗೆ ನೆಟ್ಟ ಕೂದಲುಗಳಲ್ಲಿ ಹೆಚ್ಚಿನವು ಉದುರಿಹೋಗುತ್ತವೆ. ಹಣವೆಲ್ಲ ವ್ಯರ್ಥವಾಯಿತೆಂದು ಜನರು ಕಂಗೆಡುವುದು ಇಲ್ಲಿಯೇ. ನಾಟಿ ಮಾಡಿದ ನೇಜಿಯು ಮೊದಲು ಬಾಡಿ, ಬೇರು ಹಿಡಿದ ಮೇಲೆ ಚಿಗುರುವುದನ್ನು ನಮ್ಮ ಕೃಷಿಕರು ಬಲ್ಲರು. ಇಲ್ಲಿಯೂ ಉದುರುವುದು ಎಳೆ ಮಾತ್ರ, ಬೇರು ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಲ್ಲಿ ನವಿರಾದ ಕೂದಲು ಮೂಡತೊಡಗಿ, ಆರು ತಿಂಗಳಿಗೆ ಕಣ್ಣಿಗೆ ಕಾಣುವಂತಾಗಿ, ಹನ್ನೆರಡು ತಿಂಗಳಿಗೆ ಬಹುಮಟ್ಟಿಗೆ ಪೂರ್ಣಗೊಳ್ಳುತ್ತದೆ. ನೆತ್ತಿಯ ನಡುಭಾಗಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ಈ ಆತಂಕದಲ್ಲಿ ಭೃಂಗರಾಜ ತೈಲವನ್ನೋ ಮನೆಯ ಕೊಬ್ಬರಿ ಎಣ್ಣೆಯನ್ನೋ ತಿಕ್ಕುವವರುಂಟು. ತೈಲಾಭ್ಯಂಗವನ್ನು ಬೋಧಿಸುವ ನಾವೇ ಹೇಳುತ್ತೇವೆ: ಶಸ್ತ್ರವೈದ್ಯರು ಒಪ್ಪುವ ತನಕ ಎಣ್ಣೆ, ಲೇಪಗಳು ಬೇಡ. ಸೇವಿಸುತ್ತಿರುವ ಕಷಾಯ, ಚೂರ್ಣಗಳನ್ನೂ ಅವರಿಗೆ ಮುಚ್ಚಿಡದೆ ತಿಳಿಸಬೇಕು. ಹೃದ್ರೋಗದ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಜ್ವರ, ಕೀವು, ಹರಡುತ್ತಿರುವ ಕೆಂಪು, ದಿನೇದಿನೇ ಹೆಚ್ಚುವ ನೋವು, ಚರ್ಮ ಕಪ್ಪಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಶಸ್ತ್ರವೈದ್ಯರ ಬಳಿಗೆ ಹೋಗಬೇಕು. ಇನ್ನು ಕಸಿ ಮಾಡಿಸಿಕೊಳ್ಳಲಿರುವವರು ಕಡಿಮೆ ದರದ ಜಾಹೀರಾತಿಗೆ ಮರುಳಾಗದಿರಲಿ. ತರಬೇತಿ ಹೊಂದಿದ ಚರ್ಮವೈದ್ಯರು ಅಥವಾ ಪ್ಲಾಸ್ಟಿಕ್ ಶಸ್ತ್ರವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸೂಚಿಸಿದೆ. ಯೋಗ್ಯರ ಕೈಯಲ್ಲಿ ಮಾಡಿಸಿಕೊಂಡ ಮೇಲೆ ರೋಗಿಯ ಪಾಲಿಗೆ ಉಳಿಯುವುದು ಶುಚಿತ್ವ ಮತ್ತು ತಾಳ್ಮೆ.