ಚಿಗರಿಯ ಸಂಜೆಯೋಟ

ಸಂಜೆ ಏಳರ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಚಹಾದ ಕಪ್ಪನ್ನು ನೆಲದ ಮೇಲೆ ಇಡುವುದಿಲ್ಲ. ಅವ್ವ ಮಂಚದ ಮೇಲೆ ಕಾಲೆತ್ತಿಕೊಂಡು ಕೂರುತ್ತಾಳೆ. ಮಗಳು ಪರಕರದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಚಿಗರಿಯ ಕಿವಿ ಹಿಂದಕ್ಕೆ ಮಲಗಿ, ಬಾಲ ಹೊಟ್ಟೆಯಡಿಗೆ ಸರಿದು, ಹಿಂದಿನ ಮೈ ನೆಲಕ್ಕೆ ತಗ್ಗಿರುತ್ತದೆ. ಮರುಗಳಿಗೆ ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಹಿತ್ತಲು, ಹಿತ್ತಲಿನಿಂದ ಮತ್ತೆ ಪಡಸಾಲೆ. ದಾರಿಯಲ್ಲಿ ಸಿಕ್ಕ ಚಪ್ಪಲಿ, ಚಾಪೆ, ಮೊಮ್ಮಗಳ ಪಾಟಿಚೀಲ ಎಲ್ಲ ದಿಕ್ಕಾಪಾಲು. "ಮೈಯಾಗ ಏನೋ ಹೊಕ್ಕೈತಿ ಇದಕ, ನಿಂಬಿಹಣ್ಣ ಇಳಿಸಿ ಒಗೀರಿ" ಎಂದು ಅವ್ವ ಮಂಚದ ಮೇಲಿಂದಲೇ ಆಜ್ಞೆ ಮಾಡುತ್ತಾಳೆ.

ಚಿಗರಿ ಮುಧೋಳ ತಳಿಯ ಹೆಣ್ಣುಮರಿ. ಅರಭಾವಿಯ ಕಬ್ಬಿನ ಹೊಲಗಳ ನಡುವೆ ಇರುವ ನಮಗೆ ಮುಧೋಳ ಪರಸ್ಥಳವೇನಲ್ಲ. ಬೀಗರೂ ಅಲ್ಲಿಯವರೇ, ನಾಯಿಯೂ ಅಲ್ಲಿಯದೇ. ಘೋರ್ಪಡೆ ಅರಸರು ಪೋಷಿಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಸೈನ್ಯಕ್ಕೂ ಹೋದ ತಳಿ ಎಂದು ಈ ಸೀಮೆಯಲ್ಲಿ ಹೆಮ್ಮೆಯಿಂದ ಹೇಳುವವರು ಬಹಳ. ಆ ಶೂರ ಮೂರು ತಿಂಗಳ ಕೂಸಾಗಿದ್ದಾಗ ಮನೆಯೊಳಗೆ ಏನು ಮಾಡುತ್ತದೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಇದು ಮುಧೋಳಕ್ಕಷ್ಟೇ ಬಂದ ಗುಣವಲ್ಲ. ಎಲ್ಲ ತಳಿಯ ಮರಿಗಳೂ ಹೀಗೆ ಓಡುತ್ತವೆ, ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಸಾಕುವವರು ಜೂಮೀಸ್ ಎನ್ನುತ್ತಾರೆ. ಸ್ನಾನ ಮಾಡಿಸಿದ ಮೇಲೆ, ಹೊರಕಡೆಗೆ ಹೋಗಿ ಬಂದ ಮೇಲೆ, ಮನೆಯವರು ಊರಿಂದ ಬಂದಾಗ, ಮತ್ತು ಬಹುತೇಕ ಸಂಜೆ ಹೊತ್ತಿನಲ್ಲಿ. ಒಂದೆರಡು ನಿಮಿಷ, ಹೆಚ್ಚೆಂದರೆ ಇನ್ನಷ್ಟು. ಆಮೇಲೆ ತಾನೇ ದೊಪ್ಪನೆ ಬಿದ್ದುಕೊಳ್ಳುತ್ತದೆ. ರೋಗವಲ್ಲ, ಸೊಕ್ಕೂ ಅಲ್ಲ. ಆದರೆ ಕಣ್ಣಿಂದ ಬೇಟೆ ಕಂಡು ಬೆನ್ನಟ್ಟಲೆಂದೇ ಬೆಳೆಸಿದ ತಳಿಯಲ್ಲಿ ಆ ಒಂದೆರಡು ನಿಮಿಷಕ್ಕೆ ಬರುವ ವೇಗ ಬೇರೆ.

ಊರಿನ ಹಿರಿಯರ ಸಲಹೆ ಒಂದೇ: "ದಣಿಸ್ರಿ. ಬೈಕಿಗೆ ಕಟ್ಟಿ ಕೆನಾಲ ತನಕ ಓಡಿಸ್ರಿ, ರಾತ್ರಿ ಸುಮ್ಮ ಬೀಳತೈತಿ." ಕೇಳಲು ಚೆಂದ. ಬೆಳೆಯುವ ಮರಿಯ ಎಲುಬಿನ ತುದಿಗಳಲ್ಲಿ ಇನ್ನೂ ಮೆತ್ತಗಿನ ಭಾಗ ಇರುತ್ತದೆ; ಇಷ್ಟು ಎತ್ತರಕ್ಕೆ ಬೆಳೆಯುವ ನಾಯಿಗೆ ಅದು ಗಟ್ಟಿಯಾಗಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು. ತಾನಾಗಿ ಓಡಿದರೆ ಬೇಕಾದಲ್ಲಿ ನಿಲ್ಲುತ್ತದೆ, ಹಗ್ಗ ಎಳೆದರೆ ನಿಲ್ಲುವ ಹಾಗಿಲ್ಲ. ಹಾಗಾಗಿ ಬೈಕು ಬೇಡವೆಂದೆ. ಅದಕ್ಕಿಂತ ದೊಡ್ಡ ಕಾರಣ ನಿಧಾನವಾಗಿ ಗೊತ್ತಾಯಿತು: ಚಿಗರಿ ಆಗಲೇ ದಣಿದಿತ್ತು.

ಮರಿ ದಿನಕ್ಕೆ ಹದಿನೆಂಟು ತಾಸಿನ ಆಸುಪಾಸು ನಿದ್ದೆ ಮಾಡಬೇಕು. ನಮ್ಮ ಮನೆಯಲ್ಲಿ ಅದಕ್ಕೆ ಎಲ್ಲಿ ಬಿಡುವು? ಬೆಳಿಗ್ಗೆ ಹಾಲಿನವರು, ಆಮೇಲೆ ಕೂಲಿಯವರು, ಮಧ್ಯಾಹ್ನ ಮೋಟರ್ ಕೆಟ್ಟಿದೆ ಎಂದು ಬರುವವರು, ಸಾಲೆ ಬಿಟ್ಟ ಮೇಲೆ ಓಣಿಯ ಹುಡುಗರ ದಂಡು. ಎಲ್ಲರಿಗೂ ಮರಿಯನ್ನು ಎತ್ತಬೇಕು, ಮಲಗಿದ್ದರೂ ಎಬ್ಬಿಸಬೇಕು. ಸಂಜೆಯ ಹೊತ್ತಿಗೆ ಅದರ ಸ್ಥಿತಿ ಜಾತ್ರೆಯಲ್ಲಿ ದಿನವಿಡೀ ತಿರುಗಿ, ನಿದ್ದೆ ಬಂದರೂ ಮಲಗಲೊಲ್ಲದೆ ರಚ್ಚೆ ಹಿಡಿದ ಕೂಸಿನದು. ಆ ಹೊತ್ತಿನ ಓಟದಲ್ಲಿ ಕಚ್ಚುವುದು ಜಾಸ್ತಿ, ಕರೆದರೆ ಕೇಳುವುದು ಕಡಿಮೆ. ಬೆಳಿಗ್ಗೆಯ ಓಟ ಹಾಗಲ್ಲ. ಅದರಲ್ಲಿ ನಗು ಇದೆ ಎನ್ನಬಹುದು.

ಜೋಳದ ಚೀಲ ಒಟ್ಟುವ ಕತ್ತಲೆ ಕೋಣೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ಅಲ್ಲಿ ಮಲಗಿಸುವ ರೂಢಿ ಮಾಡಿದೆವು. ಬಾಗಿಲು ಮುಂದೆ ಮಾಡಿ ಹುಡುಗರಿಗೆ "ಮಲಗೈತಿ, ಎಬ್ಬಿಸಬ್ಯಾಡ್ರಿ" ಎನ್ನುವ ಕೆಲಸ ಅವ್ವ ವಹಿಸಿಕೊಂಡಳು. ಅವಳಷ್ಟು ಕಟ್ಟುನಿಟ್ಟಿನ ಕಾವಲುಗಾರ ಯಾರೂ ಸಿಗಲಿಕ್ಕಿಲ್ಲ. ಕೆಲವು ವಾರಗಳಲ್ಲಿ ಏಳರ ಓಟ ಪೂರಾ ಹೋಗಲಿಲ್ಲ, ಆದರೆ ಹಲ್ಲು ಬಿಟ್ಟು ಬರುವುದು ಬಹಳ ಇಳಿಯಿತು. ನಿಂಬೆಹಣ್ಣಿನ ಮಾತೂ ಇಳಿಯಿತು.

ಹಲ್ಲಿನ ಮಾತು ಬಂತು. ಆರು ತಿಂಗಳ ಒಳಗೆ ಹಾಲುಹಲ್ಲು ಉದುರಿ ಹೊಸವು ಬರುವ ಕಾಲ, ವಸಡು ತಿನ್ನುತ್ತದೆ, ಸೂಜಿಯಂಥ ಹಲ್ಲು. ಓಡುವ ನಾಯಿಯ ಹಿಂದೆ ಓಡಿದರೆ ಅದಕ್ಕೆ ಅದು ಪಂದ್ಯ. ಚೀರಿದರೆ ನಾವೂ ಕೂಡಿಕೊಂಡೆವೆಂದು ಹುಮ್ಮಸ್ಸು. ಕೈ ಕಟ್ಟಿಕೊಂಡು, ಮುಖ ಆಚೆ ಮಾಡಿ, ಸುಮ್ಮನೆ ನಿಂತುಬಿಟ್ಟರೆ ಅಲುಗಾಡದ ವಸ್ತುವಿನಲ್ಲಿ ಈ ತಳಿಗೆ ಆಸಕ್ತಿಯೇ ಇಲ್ಲ. ಇಳಕಲ್ ಸೀರೆಯ ಅಂಚು ಆಡಿದರೆ ಮಾತ್ರ ಕಥೆ ಮುಗಿಯಿತು. ಆದರೂ ಆಟದಲ್ಲೇ ಹಲ್ಲು ತಾಗಿ ಚರ್ಮ ಗೀರಿದರೆ, ನಮ್ಮ ದೇಶದಲ್ಲಿ ಅದನ್ನು ಅರಿಸಿನ ಹಚ್ಚಿ ಬಿಡುವಂತಿಲ್ಲ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ದವಾಖಾನೆಗೆ ಹೋಗಬೇಕು. ರೇಬೀಸ್ ಬಂದ ಮೇಲೆ ಔಷಧಿಯಿಲ್ಲ. ಮರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಶುರು, ಅಂದರೆ ಕಚ್ಚುವ ವಯಸ್ಸಿನ ಮೊದಲ ಭಾಗದಲ್ಲಿ ಅದಕ್ಕೆ ರಕ್ಷಣೆ ಇರುವುದಿಲ್ಲ.

ನೆಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಮನೆಗಳ ನುಣುಪು ಟೈಲ್ಸ್ ಮೇಲೆ ತಿರುವಿನಲ್ಲಿ ಮರಿಯ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ. ನಮ್ಮ ಪಡಸಾಲೆಯ ಹಳೆಯ ಫರಸಿ ಒರಟು, ಅದು ಪುಣ್ಯ. ಅಡುಗೆಮನೆಯ ಟೈಲ್ಸ್ ಮೇಲೆ ಗೋಣಿಚೀಲ ಹಾಸಿದೆವು. ಓಟ ಶುರುವಾಗುವ ಲಕ್ಷಣ ಕಂಡೊಡನೆ ಹಿತ್ತಲ ಬಾಗಿಲು ತೆರೆಯುವುದು ಇನ್ನೂ ಒಳ್ಳೆಯದು, ಮಣ್ಣಿನ ಮೇಲೆ ಓಡಲಿ. ಅಲ್ಲಿ ಬಿದಿರ ಕೋಲಿನ ತುದಿಗೆ ಹಳೆಯ ಸೀರೆಯ ತುಂಡು ಕಟ್ಟಿ ನೆಲದ ಮೇಲೇ ಎಳೆಯುತ್ತೇನೆ, ಎತ್ತಿ ಜಿಗಿಸುವುದಿಲ್ಲ. ನಡುನಡುವೆ ಹಿಡಿಯಲು ಬಿಡಬೇಕು, ಸಿಗದ ಬೇಟೆ ನಾಯಿಗೆ ತಲೆ ಕೆಡಿಸುತ್ತದೆ. ಕೊನೆಗೆ ಬಟ್ಟೆಯನ್ನು ಅದಕ್ಕೇ ಬಿಟ್ಟು, ಒಣಗಿದ ಜೋಳದ ರೊಟ್ಟಿಯ ಚೂರುಗಳನ್ನು ಹುಲ್ಲಿನಲ್ಲಿ ಚೆಲ್ಲಿದರೆ ಮೂಗು ನೆಲಕ್ಕಿಳಿಯುತ್ತದೆ, ಉಸಿರೂ ಇಳಿಯುತ್ತದೆ. ಸುಮ್ಮನಾಗಲೆಂದು ನೆರೆಯವರು ಕರದಂಟು ತಿನ್ನಿಸಲು ಬಂದಿದ್ದರು. ಗೋಕಾಕದವರ ಪ್ರೀತಿಯ ಭಾಷೆ ಅದು, ಆದರೆ ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಆ ಕರದಂಟು ನಾನೇ ತಿಂದೆ.

ಕಬ್ಬಿನ ಹಂಗಾಮು ಬಂದರೆ ಲೆಕ್ಕವೇ ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಕಾರ್ಖಾನೆಯ ಕಡೆ ಹೋಗುತ್ತವೆ. ಓಟದ ಭರದಲ್ಲಿರುವ ಮರಿಗೆ ಹಾರ್ನೂ ಕೇಳದು, ತನ್ನ ಹೆಸರೂ ಕೇಳದು. ಗೇಟಿಗೆ ಚಿಲಕ ಹಾಕದೆ ಹಿತ್ತಲ ಬಾಗಿಲು ತೆರೆಯಬಾರದೆಂಬುದು ಮನೆಯಲ್ಲಿ ಈಗ ಕಾಯಿದೆ. ಕಬ್ಬು ಕಟಾವಾಗಿ ಬಯಲಾದ ಹೊಲದಲ್ಲಿ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಕೂಳೆಯ ಮೊನಚು ಪಾದಕ್ಕೆ ಚುಚ್ಚುತ್ತದೆ, ಮೊಲ ಎದ್ದರೆ ನಾಯಿ ಕಣ್ಮರೆ.

ಒಂದು ಮಾತು ಸೇರಿಸಬೇಕು. ನಿಲ್ಲದೆ ತನ್ನ ಬಾಲದ ಸುತ್ತಲೇ ಸುತ್ತುವುದು, ಓಡಿದ ಮೇಲೆ ಕುಂಟುವುದು, ಜೊಲ್ಲು ಸುರಿಸುತ್ತ ಮನೆಯವರನ್ನೇ ಗುರುತಿಸದಿರುವುದು ಈ ಓಟದ ಲೆಕ್ಕಕ್ಕೆ ಬರುವುದಿಲ್ಲ. ಮೊದಲೆರಡಕ್ಕೆ ಪಶುವೈದ್ಯರು ಬೇಕು. ಮೂರನೆಯದಕ್ಕೆ ಮುಟ್ಟದೆ ದೂರ ನಿಂತೇ ಅವರನ್ನು ಕರೆಸಬೇಕು.

ಈಗ ಬೇಸಿಗೆ. ಚಿಗರಿ ನನ್ನ ಮೊಣಕಾಲಿಗಿಂತ ಎತ್ತರ, ಹೊಸ ಹಲ್ಲು ಪೂರಾ ಬಂದಿವೆ, ಏಳರ ಓಟ ವಾರದಲ್ಲಿ ಕೆಲವೇ ದಿನ. ಬಿಸಿಲಿಗೆ ಕಾದ ನೆಲ ಸಂಜೆಯಾದರೂ ಆರುವುದಿಲ್ಲವಾದ್ದರಿಂದ ಬಿದಿರ ಕೋಲಿನ ಆಟವನ್ನು ಬೆಳಗಿನ ಜಾವಕ್ಕೆ ತಂದಿದ್ದೇವೆ. ಬೈಕಿನ ಸಲಹೆ ಕೊಟ್ಟ ಹಿರಿಯರು ವಾಕಿಂಗ್ ಹೋಗುವಾಗ ಗೇಟಿನ ಬಳಿ ನಿಂತು ನೋಡುತ್ತಾರೆ. "ಇನ್ನೂ ಕಟ್ಟಿಲ್ಲೇನ ಬೈಕಿಗೆ?" ಎನ್ನುತ್ತಾರೆ. "ಮದಲ ನಿಮ್ಮನ್ನ ಕಟ್ಟಿ ನೋಡೋಣ್ರಿ ಕಾಕಾ" ಎನ್ನುತ್ತಾಳೆ ನನ್ನ ಮಗಳು.